ಮಾತು ಕೇಳದವರಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಮಾಲೀಕರು ಇರುವುದು ಬೆಂಗಳೂರಿನಲ್ಲಿ. ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ವರದಿ ಕಳಿಸಬೇಕು. ಈ ಸಲ ಕರಿಮೆಣಸು ಕುಯ್ಯುವಾಗ ಒಬ್ಬ ಕೆಲಸಗಾರ, ಕರೆಂಟ್ ಲೈನ್ ಪಕ್ಕದ ಮರಕ್ಕೆ ಅಲ್ಯೂಮಿನಿಯಂ ಏಣಿ ಇಡಲ್ಲ ಅಂತ ಮೇಸ್ತ್ರಿಗೆ ಎದುರು ಹೇಳಿದ. ಮಿಕ್ಕ ಕೆಲಸ ಮಾಡಿದ. ನಾನು ವರದಿಯಲ್ಲಿ 'ಹಿ ಈಸ್ ಎ ರೆಬೆಲ್, ಹಿ ಡಿನೈಡ್ ಟು ವರ್ಕ್' ಅಂತ ಬರೆದೆ. ಮಾಲೀಕರು ಗಾಬರಿಯಾಗಿ ಫೋನ್ ಮಾಡಿ, ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡಿ ಅಂದರು. ನಾನು ಹೇಳಹೊರಟಿದ್ದು ಅದಲ್ಲ. ಸರಿಯಾದ ಪದ ಯಾವುದು? ಇನ್ನೊಂದು ವಿಷಯ. ಮಗಳ ಶಾಲೆಯ ರಿಪೋರ್ಟ್ ಕಾರ್ಡಿನಲ್ಲಿ 'ಬ್ರೈಟ್ ಬಟ್ ಹೆಡ್‌ಸ್ಟ್ರಾಂಗ್' ಅಂತ ಬಂದಿದೆ. ಇದು ಹೊಗಳಿಕೆಯೋ, ಬೈಗುಳವೋ? ಇಂಥ ಪದಗಳನ್ನು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ಆ ಕೆಲಸಗಾರನ ವಿಷಯ ನೋಡೋಣ. ಅದು ಒಬ್ಬನ ಅನ್ನದ ಪ್ರಶ್ನೆ. ರಿಪೋರ್ಟ್ ಕಾರ್ಡ್ ಸ್ವಲ್ಪ ಕಾಯಲಿ.

ನೀವು 'ರೆಬೆಲ್' ಅಂತ ಯಾಕೆ ಬರೆದಿರಿ ಅನ್ನೋದು ಗೊತ್ತಾಗುತ್ತದೆ. ಕನ್ನಡದವರ ಕಿವಿಗೆ ಅದು ಒಳ್ಳೆಯ ಪದವೇ. ಅಂಬರೀಶ್ ಅವರನ್ನು ರೆಬೆಲ್ ಸ್ಟಾರ್ ಅಂತ ತಲೆ ಮೇಲೆ ಹೊತ್ತವರು ನಾವು. ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತವರೂ ನಮ್ಮ ಪೇಪರುಗಳಲ್ಲಿ ರೆಬೆಲ್ಲೇ. ನಾಮಪತ್ರ ವಾಪಸ್ ಪಡೆಯುವ ದಿನ ಅವರೇ ನಗುನಗುತ್ತಾ ಅದೇ ಪಕ್ಷದ ಶಾಲು ಹೊದ್ದುಕೊಂಡಿರುತ್ತಾರೆ. ಹೀಗೆ ಬಳಸಿ ಬಳಸಿ ನಮ್ಮಲ್ಲಿ ಈ ಪದದ ಮೊನೆ ಸವೆದುಹೋಗಿದೆ. ಇಂಗ್ಲಿಷಿನಲ್ಲಿ ಸವೆದಿಲ್ಲ. ಅದರ ಹೊಟ್ಟೆಯೊಳಗೆ ಯುದ್ಧಕ್ಕೆ ಹೇಳುವ ಲ್ಯಾಟಿನ್ ಪದ 'ಬೆಲ್ಲಮ್' ಕೂತಿದೆ. ಒಮ್ಮೆ ಸೋತು ಶರಣಾದವನು ಮತ್ತೆ ಯುದ್ಧಕ್ಕೆ ಎದ್ದರೆ ಅವನು ರೆಬೆಲ್. ಅಂದರೆ ಅವನಿಗೆ ಒಂದು ಆದೇಶದ ಮೇಲೆ ತಕರಾರಲ್ಲ, ಆದೇಶ ಕೊಡುವವರ ಅಧಿಕಾರವೇ ಬೇಡ. ನಿಮ್ಮ ಮಾಲೀಕರು ಬೆಂಗಳೂರಿನಲ್ಲಿ ಕೂತು ಓದಿದ್ದು ಇದನ್ನೇ: ಕೆಲಸಗಾರರ ಲೈನ್ ಮನೆಯಲ್ಲಿ ಯಾರೋ ಜನ ಕಟ್ಟುತ್ತಿದ್ದಾನೆ, ನಾಳೆ ತೋಟವೇ ನಿಲ್ಲುತ್ತದೆ.

ಎರಡನೇ ಅರ್ಧ ಇನ್ನೂ ಜಾಸ್ತಿ ಕೆಡಿಸಿದೆ. 'ಡಿನೈ' ಅಂದರೆ ಆರೋಪ ಬಂದಾಗ 'ಇಲ್ಲ, ಹಾಗಿಲ್ಲ' ಎನ್ನುವುದು. ಕಳ್ಳತನ ಮಾಡಿಲ್ಲ ಅಂದರೆ ಅದು ಡಿನೈ. ಕೆಲಸ ಮಾಡಲ್ಲ ಅಂದರೆ 'ರಿಫ್ಯೂಸ್'. ನಮ್ಮವರ ಇಂಗ್ಲಿಷಿನಲ್ಲಿ ಇದು ದಿನಾ ಕಾಣುವ ತಪ್ಪು. ನಿರಾಕರಿಸು ಅನ್ನೋ ಒಂದೇ ಪದ ಕನ್ನಡದಲ್ಲಿ ಎರಡೂ ಕೆಲಸ ಮಾಡುತ್ತದಲ್ವಾ, ಅದಕ್ಕೇ. ಆದರೆ ಅದಕ್ಕಿಂತ ಮುಖ್ಯ, ಅವನು 'ವರ್ಕ್' ಬೇಡ ಅಂದಿಲ್ಲ. ಒಂದು ಮರಕ್ಕೆ ಒಂದು ಏಣಿ ಇಡಲ್ಲ ಅಂದ. ಅಷ್ಟನ್ನೇ ಬರೆಯಬೇಕಿತ್ತು: 'ಹಿ ರಿಫ್ಯೂಸ್ಡ್ ಟು ಯೂಸ್ ದಿ ಅಲ್ಯೂಮಿನಿಯಂ ಲ್ಯಾಡರ್ ನಿಯರ್ ದಿ ಪವರ್ ಲೈನ್. ಹಿ ಡಿಡ್ ದಿ ರೆಸ್ಟ್ ಆಫ್ ದಿ ವರ್ಕ್.' ಇದರಲ್ಲಿ ಮನುಷ್ಯನ ಗುಣ ಹೇಳುವ ಪದ ಒಂದೂ ಇಲ್ಲ ನೋಡಿ. ಓದಿದ ಮಾಲೀಕರಿಗೆ ಮೊದಲು ಕಾಣುವುದು ಏಣಿ ಮತ್ತು ತಂತಿ. ಕರಿಮೆಣಸು ಕುಯ್ಯುವ, ಮರಗಸಿ ಮಾಡುವ (ನೆರಳಿನ ಮರಗಳ ಕೊಂಬೆ ಕಡಿಯುವ) ಸಮಯದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ಆಮೇಲೆ ಅವರು ಮಾಡುವ ಫೋನು ಬಿದಿರಿನ ಏಣಿ ತರಿಸಿ ಅಂತಲೋ, ಲೈನ್ ಆಫ್ ಮಾಡಿಸಿ ಅಂತಲೋ ಇರುತ್ತದೆ.

ಆಫೀಸಿನ ಇಂಗ್ಲಿಷಿನಲ್ಲಿ ಇಂಥ ಕಡೆ ಎಲ್ಲರ ಕೈಗೆ ಥಟ್ ಅಂತ ಸಿಗುವ ಪದ 'ಇನ್‌ಸಬಾರ್ಡಿನೇಟ್', ಮೇಲಿನವರ ಆದೇಶ ಮೀರುವವನು ಅಂತ. ಇದನ್ನು ನೀವು ಬರೆಯದೇ ಇದ್ದದ್ದು ಒಳ್ಳೆಯದೇ ಆಯಿತು. ಇದು ಬರೀ ಬೈಗುಳ ಅಲ್ಲ, ಕಾನೂನಿನ ಪದ. 1946ರ ಕೇಂದ್ರ ನಿಯಮಗಳ ಜೊತೆ ಬಂದ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಜಾಗದ ನಿಯಮಗಳಲ್ಲಿ, ದುರ್ನಡತೆಗಳ ಪಟ್ಟಿ ಇದೆ. ಅದರಲ್ಲಿ ಮೊದಲನೆಯದೇ 'ವಿಲ್‌ಫುಲ್ ಇನ್‌ಸಬಾರ್ಡಿನೇಶನ್ ಆರ್ ಡಿಸ್‌ಒಬೀಡಿಯನ್ಸ್'. ಆದರೆ ಅಲ್ಲಿಗೇ ವಾಕ್ಯ ನಿಲ್ಲುವುದಿಲ್ಲ. ಯಾವ ಆದೇಶವನ್ನು ಮೀರಿದರೆ ಅಂತಲೂ ಹೇಳಿದೆ: ಮೇಲಿನವರ 'ಲಾಫುಲ್ ಅಂಡ್ ರೀಸನಬಲ್' ಆದೇಶ. ಕಾನೂನಿಗೆ ಒಪ್ಪುವಂಥದ್ದೂ ಆಗಿರಬೇಕು, ನ್ಯಾಯವಾದದ್ದೂ ಆಗಿರಬೇಕು. ತಂತಿ ಕೆಳಗೆ ಲೋಹದ ಏಣಿ ಹಿಡಿದು ನಿಲ್ಲು ಅನ್ನೋದು ನ್ಯಾಯವಾದ ಆದೇಶ ಅಂತ ವಾದಿಸಲು ನಿಮ್ಮ ಮೇಸ್ತ್ರಿಯೂ ಮುಂದೆ ಬರಲಿಕ್ಕಿಲ್ಲ. ಅಂದಮೇಲೆ ಆ ಪದ ಇಲ್ಲಿ ಕೂರುವುದೇ ಇಲ್ಲ. ಅಂದಹಾಗೆ ಆ ವಾಕ್ಯದ 'ವಿಲ್‌ಫುಲ್'ಗೆ ಅರ್ಥ ಬೇಕುಬೇಕೆಂದೇ ಮಾಡಿದ್ದು ಅಂತ. ಮಗುವಿಗೆ ವಿಲ್‌ಫುಲ್ ಅಂದರೆ ಅರ್ಥ ಬೇರೆ, ಹಟಮಾರಿ.

ಇನ್ನು ಪದಗಳನ್ನು ಬಿಡಿಸೋಣ. ಡಿಕ್ಷನರಿ ತೆಗೆದರೆ ಇವೆಲ್ಲ ಒಂದಕ್ಕೊಂದು ಸಮಾನಾರ್ಥಕ ಅಂತ ಸಾಲಾಗಿ ನಿಂತಿರುತ್ತವೆ. ಅದನ್ನು ನಂಬಬೇಡಿ. ಮಾತು ಕೇಳದವರ ಬಗ್ಗೆ ಇಂಗ್ಲಿಷಿನಲ್ಲಿರುವ ಪದಗಳು ಆ ಮನುಷ್ಯನ ಬಗ್ಗೆ ಹೇಳುವುದು ಅರ್ಧ ಮಾತ್ರ. ಯಾರು ಮೇಲೆ, ಯಾರು ಕೆಳಗೆ, ಬರೆಯುವವನು ಯಾರ ಪಕ್ಷ ಅನ್ನೋದು ಮಿಕ್ಕರ್ಧ. ಆ ಅರ್ಧವನ್ನು ನೋಡದೆ ಪದ ಆರಿಸಿದರೆ ನಿಮಗೆ ಆದ ಹಾಗೇ ಆಗುತ್ತದೆ.

ಒಂದು ಸುಲಭದ ಪರೀಕ್ಷೆ ಇದೆ. ಪದವನ್ನು ತಿರುಗಿಸಿ ನೋಡಿ. ಕೆಲಸಗಾರ 'ಡಿಸ್‌ಒಬೀಡಿಯೆಂಟ್' ಅನ್ನಬಹುದು. ಕೆಲಸಗಾರನ ಮಾತನ್ನು ಮಾಲೀಕರು ಕೇಳದಿದ್ದರೆ, ಮಾಲೀಕರು ಡಿಸ್‌ಒಬೀಡಿಯೆಂಟ್ ಅನ್ನಲು ಆಗುತ್ತದಾ? ಆಗಲ್ಲ. 'ಇನ್‌ಸಬಾರ್ಡಿನೇಟ್' ಕೂಡ ತಿರುಗಲ್ಲ. ಇವು ಮೇಲಿಂದ ಕೆಳಕ್ಕೆ ಮಾತ್ರ ಹರಿಯುವ ಪದಗಳು. ಡಿಸ್‌ಒಬೀಡಿಯೆಂಟ್ ಅಂತೂ ಮಕ್ಕಳಿಗೂ ಸಾಕಿದ ನಾಯಿಗೂ ಹೇಳುವ ಮಾತು. ದೊಡ್ಡವರಿಗೆ ಬಳಸಿದರೆ ಅವರನ್ನು ಚಿಕ್ಕ ಮಾಡಿದ ಹಾಗೆ. 'ಸ್ಟಬ್ಬರ್ನ್' ಎರಡೂ ಕಡೆ ಓಡುತ್ತದೆ. ಮಾಲೀಕರೂ ಸ್ಟಬ್ಬರ್ನ್ ಆಗಿರಬಹುದು, ಆಗಿರುತ್ತಾರೆ ಕೂಡ. 'ಇಂಟ್ರಾನ್ಸಿಜೆಂಟ್' ಸರಿಸಮಾನರು ಎದುರುಬದುರು ಕೂತಾಗ ಬರುವ ಪದ. ಸಂಬಳದ ಮಾತುಕತೆಯಲ್ಲಿ ಒಂದು ಕಡೆಯವರು ಒಂದು ರೂಪಾಯಿಯೂ ಇಳಿಯದಿದ್ದರೆ ಅವರು ಇಂಟ್ರಾನ್ಸಿಜೆಂಟ್. ಇದು ಇಂಗ್ಲಿಷಿಗೆ ಬಂದಿದ್ದು ಸ್ಪೇನಿನ ರಾಜಕೀಯದಿಂದ. ರಾಜಿಗೆ ಒಪ್ಪದ ಗಣರಾಜ್ಯವಾದಿಗಳನ್ನು ಅಲ್ಲಿ 1870ರ ದಶಕದಲ್ಲಿ ಹಾಗೆ ಕರೆಯುತ್ತಿದ್ದರು.

ಬರೆಯುವವನು ಯಾವ ಪಕ್ಷ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ, ಮಡಿಕೇರಿಗೆ ಹೋದರೆ ಸಾಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಸುಳ್ಯ, ಪುತ್ತೂರು ಕಡೆಯ ಸೀಮೆಗಳನ್ನು ಕೊಡಗಿನಿಂದ ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಮೊದಲು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಅಂದಿತು. ಕೈಯಲ್ಲಿ ಕಾಸಿಲ್ಲದ ರೈತರು 1837ರ ಏಪ್ರಿಲ್ ಹೊತ್ತಿಗೆ ಎದ್ದರು. ಮಂಗಳೂರಿನವರೆಗೂ ಹೋದರು, ಅಲ್ಲಿನ ಬಾವುಟಗುಡ್ಡದಲ್ಲಿ ಬಾವುಟ ಹಾರಿಸಿದರು. ಅವರ ಕೈಯಲ್ಲಿ ಊರು ಇದ್ದದ್ದು ಎರಡು ವಾರದೊಳಗೆ ಅಷ್ಟೆ. ಆಮೇಲೆ ಹಿಡಿದರು, ಗಡೀಪಾರು ಮಾಡಿದರು. ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಈ ಜನಕ್ಕೆ ಏನು ಹೆಸರು? ಕಂಪನಿಯ ಕಾಗದಗಳಲ್ಲಿ ಅವರು 'ರೆಬೆಲ್ಸ್', 'ಇನ್ಸರ್ಜೆಂಟ್ಸ್'. ಇನ್ಸರ್ಜೆಂಟ್ ಅಂದರೆ ಆಯುಧ ಹಿಡಿದು ಸರ್ಕಾರದ ಮೇಲೆ ಎದ್ದವನು. ಇಂದಿಗೂ ಸರ್ಕಾರಗಳು, ಸೈನ್ಯಗಳು ಬಳಸುವ ತಣ್ಣನೆಯ ಪದ ಅದು. ಊರಿನವರ ಬಾಯಲ್ಲಿ ಈ ಘಟನೆ ಬಹಳ ಕಾಲ 'ಕಲ್ಯಾಣಪ್ಪನ ಕಾಟಕಾಯಿ' ಅಂತಲೇ ಉಳಿಯಿತು. ಕಲ್ಯಾಣಪ್ಪ ಅನ್ನೋದು ದಂಗೆಯ ಮುಂದಾಳು ಹೊತ್ತಿದ್ದ ಹೆಸರು, ಕಾಟಕಾಯಿ ಅಂದರೆ ಲೂಟಿ, ದಾಂಧಲೆ. ಅಂದರೆ ನಮ್ಮ ಕನ್ನಡವೂ ಗೆದ್ದವರ ಪಕ್ಷವನ್ನೇ ಹಿಡಿದಿತ್ತು. ಈಗ ಅದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ನಿಂತಿದೆ. ಇಂಗ್ಲಿಷ್ ಲೇಖನಗಳಲ್ಲಿ ಅವರು 'ಫ್ರೀಡಂ ಫೈಟರ್'.

ಇನ್ನೊಂದು ಕಡೆಯೂ ಇದೆ. ಈ ಬಂಡಾಯ ಅಡಗಿಸಲು ಜೊತೆಗೆ ನಿಂತ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು. ಕೂರ್ಗ್ ಮೆಡಲ್ ಅಂತ ಅದಕ್ಕೆ ಹೆಸರು, ನಾಣ್ಯಪದಕ ಸಂಗ್ರಹಿಸುವವರಿಗೆಲ್ಲ ಗೊತ್ತು. ಒಂದು ಮುಖದಲ್ಲಿ ಆಯುಧ ಹಿಡಿದ ಕೊಡವ ಯೋಧ, ಸುತ್ತ ಕನ್ನಡ ಅಕ್ಷರ. ಇನ್ನೊಂದು ಮುಖದಲ್ಲಿ ಇಂಗ್ಲಿಷ್ ಬರಹ. ಅಲ್ಲಿ ಎದ್ದು ಕಾಣುವ ಪದ 'ಲಾಯಲ್ಟಿ'. ಅದೇ ಏಪ್ರಿಲ್, ಅದೇ ಗುಡ್ಡಗಾಡು, ಅಕ್ಕಪಕ್ಕದ ಮನೆಯವರು. ಒಬ್ಬರಿಗೆ 'ಲಾಯಲ್', ಇನ್ನೊಬ್ಬರಿಗೆ 'ರೆಬೆಲ್'. ಯಾರ ಕೈಯಲ್ಲಿ ಟಂಕಸಾಲೆ ಇತ್ತೋ ಅವರು ಪದ ಅಚ್ಚು ಹಾಕಿದರು. ಅದಕ್ಕೇ ಹೇಳಿದ್ದು, ರೆಬೆಲ್ ಅಂತ ಬರೆದ ತಕ್ಷಣ ನೀವು ಒಂದು ಪಕ್ಷ ಸೇರಿಬಿಟ್ಟಿರಿ. ಬೇಕಾಗಿದ್ದರೆ ಸೇರಿ, ಗೊತ್ತಿಲ್ಲದೆ ಸೇರಬೇಡಿ.

'ಮ್ಯೂಟಿನಿ' ಇದೇ ಜಾತಿಯದು, ಆದರೆ ಸೈನ್ಯ ಮತ್ತು ಹಡಗಿಗೆ ಮೀಸಲು. ಒಬ್ಬನೇ ಆದೇಶ ಮೀರಿದರೆ ಮ್ಯೂಟಿನಿ ಆಗಲ್ಲ, ಗುಂಪು ಬೇಕು. 1946ರ ಫೆಬ್ರವರಿಯಲ್ಲಿ ಬೊಂಬಾಯಿಯ ನಾವಿಕರು ಕೆಟ್ಟ ಊಟ, ಕೆಟ್ಟ ಮಾತುಗಳಿಗೆ ರೋಸಿ ಕೆಲಸ ನಿಲ್ಲಿಸಿದರು. ಸರ್ಕಾರ ಅದನ್ನು ಮ್ಯೂಟಿನಿ ಅಂದಿತು. ನಾವಿಕರು ತಮ್ಮ ಸಮಿತಿಗೆ ಇಟ್ಟುಕೊಂಡ ಹೆಸರು ಸ್ಟ್ರೈಕ್ ಕಮಿಟಿ. ಎರಡು ಪದಗಳ ನಡುವೆ ಇದ್ದದ್ದು ಕೋರ್ಟ್ ಮಾರ್ಷಲ್.

ಸೈನ್ಯದ ಮಾತು ಬಂದಮೇಲೆ ಜನರಲ್ ತಿಮ್ಮಯ್ಯನವರನ್ನು ಬಿಟ್ಟು ಕೊಡಗಿನಲ್ಲಿ ಯಾರೂ ಮುಂದೆ ಹೋಗಲ್ಲ. 1959ರ ಆಗಸ್ಟ್ ಕೊನೆಯಲ್ಲಿ, ಸೇನಾ ಮುಖ್ಯಸ್ಥರಾಗಿದ್ದಾಗಲೇ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಜೊತೆ ಹೊಂದಿಕೆಯಾಗದೆ ಅವರು ರಾಜೀನಾಮೆ ಕೊಟ್ಟರು. ನೆಹರೂ ಹೇಳಿದ ಮೇಲೆ ವಾಪಸ್ ತೆಗೆದುಕೊಂಡರು. ಇದಕ್ಕೆ 'ಇನ್‌ಸಬಾರ್ಡಿನೇಟ್' ಅನ್ನಬಹುದಾ? ನನ್ನ ಪ್ರಕಾರ ಖಂಡಿತ ಇಲ್ಲ. ಅವರು ಯಾವ ಆದೇಶವನ್ನೂ ಮೀರಲಿಲ್ಲ. ಒಪ್ಪಿಗೆಯಾಗದಿದ್ದರೆ ಕುರ್ಚಿ ಬಿಡುತ್ತೇನೆ ಅಂದರು. ಇದಕ್ಕೆ ಇಂಗ್ಲಿಷಿನಲ್ಲಿ 'ಪ್ರಿನ್ಸಿಪಲ್ಡ್', 'ಔಟ್‌ಸ್ಪೋಕನ್' ಅನ್ನುವ ಪದಗಳಿವೆ. ಅಸಮಾಧಾನವನ್ನು ಮುಚ್ಚಿಡದೆ ಹೇಳುವವನು ಔಟ್‌ಸ್ಪೋಕನ್. ಹೇಳಿದ ಮೇಲೂ ಕೆಲಸ ಮಾಡುವವನು ಅವನು. ನಿಮ್ಮ ಕರಿಮೆಣಸಿನ ಕೆಲಸಗಾರನಿಗೆ ಒಂದು ಗುಣವಾಚಕ ಬೇಕೇ ಬೇಕು ಅಂದರೆ ಇದನ್ನೇ ಕೊಡಿ.

'ಡಿಫೈಯಂಟ್' ಬೇರೆ ತೂಕದ್ದು. ಇದರಲ್ಲಿ ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು 'ಏನು ಮಾಡ್ತೀಯೋ ಮಾಡು' ಅನ್ನುವ ಭಾವ ಇದೆ. ನಮ್ಮ ಸೆಡ್ಡು ಹೊಡೆಯುವುದಕ್ಕೆ ಹತ್ತಿರ. ಯಾರಿಗೂ ಕಾಣದಂತೆ ಕೆಲಸ ತಪ್ಪಿಸಿಕೊಳ್ಳುವವನು ಡಿಫೈಯಂಟ್ ಅಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬರುತ್ತದೆ. ಸತ್ಯಾಗ್ರಹಿಯೂ ಡಿಫೈಯಂಟ್, ಹೆಲ್ಮೆಟ್ ಹಾಕದೆ ಪೊಲೀಸಿನ ಮುಂದೆಯೇ ಬೈಕ್ ಓಡಿಸುವವನೂ ಡಿಫೈಯಂಟ್.

'ರಿಕ್ಯಾಲ್ಸಿಟ್ರಂಟ್' ಉದ್ದದ ಪದ, ಆದರೆ ನಿಮಗೆ ಬೇಗ ಹಿಡಿಯುತ್ತದೆ. ಲ್ಯಾಟಿನಿನಲ್ಲಿ 'ಕ್ಯಾಲ್ಕ್ಸ್' ಅಂದರೆ ಹಿಮ್ಮಡಿ. ಹಿಂಗಾಲಿನಿಂದ ಒದೆಯುವುದು ಇದರ ಮೂಲ. ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಚೆಂಬು ಹಾರಿಸುವ ಹಸು ಇರುತ್ತದಲ್ಲ, ಹಾಗೆ. ಒಂದು ಸಲ ಒದ್ದರೆ ಸಾಲದು, ಎಷ್ಟು ಸಲ ಸಮಾಧಾನ ಮಾಡಿದರೂ ಒದೆಯುತ್ತಲೇ ಇರಬೇಕು. ಈಗ ಇದನ್ನು ಜಾಸ್ತಿ ಬಳಸುವುದು ಸಂಸ್ಥೆಗಳ ಬಗ್ಗೆ, ಸಾಲ ತೀರಿಸದವರ ಬಗ್ಗೆ. ಹತ್ತು ನೋಟಿಸ್ ಕೊಟ್ಟರೂ ಉತ್ತರ ಕೊಡದ ಇಲಾಖೆಗೆ ಚೆನ್ನಾಗಿ ಒಪ್ಪುತ್ತದೆ. ಪಾಪದ ಕೆಲಸಗಾರನಿಗೆ ಇಷ್ಟು ಭಾರದ ಪದ ಯಾಕೆ?

ಪ್ರಾಣಿಗಳಿಂದ ಬಂದ ಪದಗಳು ಇನ್ನೂ ಇವೆ. ಕೊಡಗಿನವರಿಗೆ ಅವು ಸುಲಭ. ತೋಟಕ್ಕೆ ನುಗ್ಗಿ ಜನರ ಮೇಲೆ ಬೀಳುವ ಒಂಟಿ ಸಲಗಕ್ಕೆ ಪೇಪರಿನವರು ಪುಂಡಾನೆ ಅನ್ನುತ್ತಾರೆ, ಇಂಗ್ಲಿಷಿನಲ್ಲಿ 'ರೋಗ್'. ಅದನ್ನು ಹಿಡಿದು ದುಬಾರೆಗೋ ಮತ್ತಿಗೋಡಿಗೋ ತಂದು ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಹಾಕುತ್ತಾರೆ. ಒಳಗೆ ಹೋದ ಹೊಸದರಲ್ಲಿ ಅದು 'ಇಂಟ್ರ್ಯಾಕ್ಟಬಲ್', ಯಾರ ಕೈಗೂ ಪಳಗದ್ದು. ಮಾವುತ, ಕಾವಾಡಿ ದಿನವೂ ಕಬ್ಬು, ಬೆಲ್ಲ ಕೊಟ್ಟು, ಮಾತಾಡಿಸಿ, ಮೈ ಮುಟ್ಟಿ ಪಳಗಿಸಿದ ಮೇಲೆ ಅದೇ ಆನೆ 'ಟ್ರ್ಯಾಕ್ಟಬಲ್'. ಪಳಗದ ಅನ್ನುವ ಕನ್ನಡ ಪದ ನಿಮ್ಮ ನೆನಪಿನಲ್ಲಿದ್ದರೆ ಇಂಟ್ರ್ಯಾಕ್ಟಬಲ್ ಮರೆಯಲ್ಲ. ಇದನ್ನು ಮನುಷ್ಯರಿಗಿಂತ ಸಮಸ್ಯೆಗಳಿಗೆ, ನೋವಿಗೆ ಈಗ ಹೆಚ್ಚು ಹೇಳುತ್ತಾರೆ. ಗಲಾಟೆ ಮಾಡುವ ಕ್ಲಾಸಿಗೆ, ಜಾತ್ರೆಯ ನೂಕುನುಗ್ಗಲಿಗೆ, ಬಾಚಿದರೂ ಕೂರದ ಕೂದಲಿಗೂ 'ಅನ್‌ರೂಲಿ'. ಅದರಲ್ಲಿ ಉದ್ದೇಶ ಇಲ್ಲ, ಶಿಸ್ತು ಇಲ್ಲ ಅಷ್ಟೇ.

ಇಲ್ಲೇ ಸ್ಟಬ್ಬರ್ನ್ ಬಳಗವನ್ನು ಮುಗಿಸಿಬಿಡೋಣ. 'ಸ್ಟಬ್ಬರ್ನ್' ದಿನಬಳಕೆಯ ಹಟಮಾರಿ. ಪ್ರೀತಿಯಿಂದಲೂ ಹೇಳಬಹುದು. 'ಆಬ್‌ಸ್ಟಿನೇಟ್' ಅದಕ್ಕಿಂತ ಒರಟು, ಕಾರಣ ಕೊಟ್ಟರೂ ಕೇಳದವನು. 'ಪಿಗ್‌ಹೆಡೆಡ್' ಅಂದರೆ ಜಗಳಕ್ಕೆ ನಿಂತ ಹಾಗೆ, ಬರವಣಿಗೆಯಲ್ಲಿ ಬೇಡ. 'ಅಡಮೆಂಟ್' ವಿಷಯದಲ್ಲಿ ಮಾತ್ರ ನಮ್ಮವರೆಲ್ಲ ಎಡವುತ್ತಾರೆ. ನಮ್ಮ ಕಡೆ 'ಮೈ ಸನ್ ಈಸ್ ವೆರಿ ಅಡಮೆಂಟ್' ಅಂತ ಸಲೀಸಾಗಿ ಹೇಳುತ್ತೇವೆ, ಅವನ ಸ್ವಭಾವವೇ ಹಾಗೆ ಅನ್ನೋ ಅರ್ಥದಲ್ಲಿ. ಹೊರಗಿನ ಇಂಗ್ಲಿಷಿನಲ್ಲಿ ಅದು ಸ್ವಭಾವ ಅಲ್ಲ, ಒಂದು ನಿರ್ದಿಷ್ಟ ವಿಷಯದ ಮೇಲಿನ ನಿಲುವು. 'ಹಿ ವಾಸ್ ಅಡಮೆಂಟ್ ದಟ್ ದಿ ಲ್ಯಾಡರ್ ವಾಸ್ ಅನ್‌ಸೇಫ್.' ಹೀಗೆ ಬರೆದರೆ ಗಟ್ಟಿಯಾಗಿ ನಿಂತ ಅಂತ, ಗೌರವವೂ ಇರುತ್ತದೆ. ಈ ಪದದ ಬೇರು ವಜ್ರದಂಥ ಗಟ್ಟಿ ವಸ್ತುವಿಗೆ ಗ್ರೀಕರು ಇಟ್ಟ ಹೆಸರು.

'ಡಿಸಿಡೆಂಟ್', 'ಡಿಸೆಂಟರ್' ಎರಡೂ ಭಿನ್ನಮತೀಯರು. ದೂರ ಹೋಗಿ ಕೂತವನು ಅನ್ನೋದು ಮೊದಲನೆಯದರ ಮೂಲ. ಬೇರೆ ದೇಶದ ಸರ್ಕಾರವನ್ನು ಟೀಕಿಸಿ ಜೈಲಿಗೆ ಹೋದವರನ್ನು ಪೇಪರಿನವರು ಡಿಸಿಡೆಂಟ್ ಅನ್ನುತ್ತಾರೆ, ಸ್ವಂತ ದೇಶದವರಿಗೆ ಅಷ್ಟು ಸುಲಭವಾಗಿ ಅನ್ನಲ್ಲ. ಕರ್ನಾಟಕದ ಇಂಗ್ಲಿಷ್ ಪೇಪರುಗಳಲ್ಲಿ ಮಾತ್ರ ಮಂತ್ರಿಗಿರಿ ಸಿಗದ ಶಾಸಕರೂ ಡಿಸಿಡೆಂಟ್ಸ್. ಅದು ನಮ್ಮ ಊರಿನ ವಿಶೇಷ. ಕೋರ್ಟಿನಲ್ಲಿ ಉಳಿದ ನ್ಯಾಯಾಧೀಶರ ಜೊತೆ ಒಪ್ಪದೆ ಬೇರೆ ತೀರ್ಪು ಬರೆದರೆ ಅದು 'ಡಿಸೆಂಟ್'. ಅದರಲ್ಲಿ ಯಾವ ಅವಮಾನವೂ ಇಲ್ಲ.

'ಡಿಸ್‌ಅಫೆಕ್ಟೆಡ್' ಅಂದರೆ ಮನಸ್ಸು ಮುರಿದುಕೊಂಡವನು, ನಿಷ್ಠೆ ಕಳೆದುಕೊಂಡವನು. ನಮ್ಮಲ್ಲಿ ಈ ಪದ ಜನರನ್ನು ಜೈಲಿಗೆ ಕಳಿಸಿದೆ. 1870ರಲ್ಲಿ ದಂಡಸಂಹಿತೆಗೆ ಸೇರಿದ ರಾಜದ್ರೋಹದ 124ಎ ಸೆಕ್ಷನ್ ನಿಂತಿದ್ದೇ 'ಡಿಸ್‌ಅಫೆಕ್ಷನ್' ಪದದ ಮೇಲೆ. 1922ರಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆಯಾಗಿದ್ದು ಇದೇ ಸೆಕ್ಷನ್ನಿನಲ್ಲಿ. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಆಗಲ್ಲ ಅಂತ ಅವರು ಕೋರ್ಟಿನಲ್ಲೇ ಹೇಳಿದರು. 'ಅಫೆಕ್ಷನ್' ಅನ್ನೋ ಪದವನ್ನು ಹಿಡಿದು ಕೊಟ್ಟ ಏಟು ಅದು.

ಹೊಗಳುವ ಪದಗಳೂ ಬೇಕಲ್ವಾ? ಕಂಪನಿಗಳವರು ಈಗ ತುಂಬಾ ಮೆಚ್ಚುವುದು 'ಮ್ಯಾವರಿಕ್'. ಸ್ಯಾಮ್ಯುಯೆಲ್ ಮ್ಯಾವರಿಕ್ ಅಂತ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ವಕೀಲ, ಜಮೀನುದಾರ ಇದ್ದ. 1870ರಲ್ಲಿ ತೀರಿಕೊಂಡ. ಅಲ್ಲಿ ದನಗಳಿಗೆ ಕಾದ ಕಬ್ಬಿಣದಿಂದ ಮಾಲೀಕನ ಗುರುತು ಹಾಕುತ್ತಿದ್ದರು. ಇವನ ಕರುಗಳಿಗೆ ಗುರುತೇ ಇರುತ್ತಿರಲಿಲ್ಲ. ಗುರುತಿಲ್ಲದ ದನ ಕಂಡರೆ ಜನ 'ಮ್ಯಾವರಿಕ್' ಅನ್ನತೊಡಗಿದರು. ಆಮೇಲೆ ಯಾವ ಗುಂಪಿನ ಮುದ್ರೆಯೂ ಇಲ್ಲದ ರಾಜಕಾರಣಿಗೆ, ವ್ಯಾಪಾರಿಗೆ ಅದೇ ಹೆಸರು ಬಂತು. ನಾವು ಬಿಡಾಡಿ ದನ ಅಂತ ಬೈಯುತ್ತೇವೆ, ಅವರು ಅದನ್ನೇ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಳ್ಳುತ್ತಾರೆ. ಒಂದು ಕಿವಿಮಾತು: ಕೈಯಲ್ಲಿ ಸ್ವಲ್ಪ ಅಧಿಕಾರವೋ ದುಡ್ಡೋ ಇದ್ದವನಿಗೆ ಮಾತ್ರ ಮ್ಯಾವರಿಕ್ ಅನ್ನುತ್ತಾರೆ. ಅದೇ ಕೆಲಸವನ್ನು ದಿನಗೂಲಿಯವನು ಮಾಡಿದರೆ ಅವನು 'ಟ್ರಬಲ್‌ಮೇಕರ್'.

ತೋಟದ ರೈಟರ್ ಆದ್ದರಿಂದ ನಿಮಗೆ 'ಬಾಯ್ಕಾಟ್' ಕಥೆಯನ್ನು ಹೇಳದೆ ಬಿಡಲಾರೆ. 1880, ಐರ್ಲೆಂಡಿನ ಮೇಯೋ ಸೀಮೆ. ಲಾರ್ಡ್ ಅರ್ನ್ ಎಂಬ ಜಮೀನುದಾರ ಬೇರೆ ಕಡೆ ಇದ್ದ. ಜಮೀನು ನೋಡಿಕೊಂಡು ಗೇಣಿ ವಸೂಲಿ ಮಾಡುತ್ತಿದ್ದವನು ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಗೇಣಿ ಇಳಿಸಿ ಅಂತ ರೈತರು ಕೇಳಿದರು, ಇವನು ಒಕ್ಕಲೆಬ್ಬಿಸಲು ಹೊರಟ. ಊರವರೆಲ್ಲ ಸೇರಿ ಅವನನ್ನು ಒಂಟಿ ಮಾಡಿದರು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕುಯ್ಯಲು ದೂರದಿಂದ ಸುಮಾರು 50 ಜನರನ್ನು ಸೈನ್ಯದ ಕಾವಲಿನಲ್ಲಿ ಕರೆತರಬೇಕಾಯಿತು. ಕೊನೆಗೆ ಅವನು ಊರೇ ಬಿಟ್ಟ. ಅಧಿಕಾರವನ್ನು ಎದುರಿಸಿದವರ ಹೆಸರು ಯಾರಿಗೂ ನೆನಪಿಲ್ಲ, ಎದುರಿಸಿಕೊಂಡ ಮ್ಯಾನೇಜರನ ಹೆಸರು ಮಾತ್ರ ಜಗತ್ತಿನ ಹಲವು ಭಾಷೆಗಳಿಗೆ ಹೋಯಿತು.

ವ್ಯಾಕರಣದ ಒಂದೆರಡು ಸಂಗತಿ. 'ಡಿಸ್‌ಒಬೇ' ಮುಂದೆ 'ಟು' ಹಾಕಬೇಡಿ. 'ಹಿ ಡಿಸ್‌ಒಬೇಡ್ ದಿ ಮೇಸ್ತ್ರಿ' ಅಂದರೆ ಸಾಕು. 'ಅಬ್ಜೆಕ್ಟ್'ಗೆ 'ಟು' ಬೇಕು, ಅದರ ಮುಂದೆ 'ಯೂಸ್' ಅಲ್ಲ, 'ಯೂಸಿಂಗ್': 'ಹಿ ಅಬ್ಜೆಕ್ಟೆಡ್ ಟು ಯೂಸಿಂಗ್ ದಿ ಲ್ಯಾಡರ್.' ಎದುರು ಮಾತಾಡಿದ ಅನ್ನೋದಕ್ಕೆ 'ಟಾಕ್ಡ್ ಆಪೋಸಿಟ್' ಅಂತ ಕೆಲವರು ಬರೆಯುತ್ತಾರೆ, ಅದು ಇಂಗ್ಲಿಷೇ ಅಲ್ಲ. 'ಆನ್ಸರ್ಡ್ ಬ್ಯಾಕ್' ಅನ್ನಬೇಕು. ಅದೂ ಚಿಕ್ಕವರು ದೊಡ್ಡವರಿಗೆ ಎದುರಾಡಿದಾಗ ಮಾತ್ರ. 'ರಿಫ್ಯೂಸ್' ಸ್ವಲ್ಪ ಖಡಕ್ ಅನಿಸಿದರೆ 'ಡಿಕ್ಲೈನ್ಡ್' ಇದೆ. ಆದರೆ ಅದು ಮದುವೆ ಕರೆಯೋಲೆಗೆ ಬರಲಾಗದು ಅನ್ನುವ ನಯದ ಪದ. ತೋಟದ ವರದಿಯಲ್ಲಿ ಸ್ವಲ್ಪ ನಾಟಕದಂತೆ ಕಾಣುತ್ತದೆ. ನನ್ನ ಆಯ್ಕೆ 'ರಿಫ್ಯೂಸ್ಡ್', ಜೊತೆಗೆ ಕಾರಣ.

ಈಗ ಮಗಳ ವಿಷಯ. 'ಹೆಡ್‌ಸ್ಟ್ರಾಂಗ್' ಬೈಗುಳ ಅಲ್ಲ, ಹೊಗಳಿಕೆಯೂ ಅಲ್ಲ. ತನಗೆ ಸರಿ ಕಂಡದ್ದನ್ನು ಬೇರೆಯವರ ಮಾತು ಕೇಳದೆ ಮಾಡಿಯೇ ತೀರುವವಳು ಅಂತ. ಸ್ವಲ್ಪ ಎಚ್ಚರಿಕೆ ಇದೆ, ಸ್ವಲ್ಪ ಮೆಚ್ಚುಗೆ ಇದೆ. ಟೀಚರ್ ನಿಜವಾಗಿ ಬೇಸತ್ತಿದ್ದರೆ 'ಡಿಫೈಯಂಟ್' ಅಂತಲೋ 'ಡಿಸ್ರಪ್ಟಿವ್' ಅಂತಲೋ ಬರೆಯುತ್ತಿದ್ದರು. ಮೆಚ್ಚಿದ್ದರೆ 'ಸ್ಪಿರಿಟೆಡ್' ಅಥವಾ 'ಸ್ಟ್ರಾಂಗ್ ವಿಲ್ಡ್'. ಇಲ್ಲಿ ಕಣ್ಣಿಡಬೇಕಾದ್ದು ನಡುವಿನ 'ಬಟ್' ಮೇಲೆ. 'ಬ್ರೈಟ್ ಅಂಡ್ ಹೆಡ್‌ಸ್ಟ್ರಾಂಗ್' ಅಂದಿದ್ದರೆ ನಾನು ನಿಮಗೆ ಅಭಿನಂದನೆ ಹೇಳುತ್ತಿದ್ದೆ. 'ಬಟ್' ಇರುವುದರಿಂದ, ಏನು ನಡೆದಿದೆ ಅಂತ ಹೋಗಿ ಕೇಳಿ. ಗುಣದ ಬಗ್ಗೆ ಕೇಳಬೇಡಿ, ಯಾವ ದಿನ ಏನಾಯಿತು ಅಂತ ಕೇಳಿ.

ಇನ್ನೊಂದು ಗಮನಿಸಿ. ಇಂಥ ಪದಗಳಲ್ಲಿ ಹೆಣ್ಣುಮಕ್ಕಳಿಗೆಂದೇ ಎತ್ತಿಟ್ಟವು ಕೆಲವು ಇವೆ. ಹುಡುಗ ಹಟ ಮಾಡಿದರೆ 'ಡಿಟರ್ಮಿನ್ಡ್', ಹುಡುಗಿ ಮಾಡಿದರೆ 'ಹೆಡ್‌ಸ್ಟ್ರಾಂಗ್'. ಜೋರು ಹುಡುಗಿಗೆ 'ಫೀಸ್ಟಿ' ಅನ್ನುತ್ತಾರೆ, ಮುದ್ದು ಮಾಡಿದ ಹಾಗೆ. ಅದರ ಮೂಲ 'ಫೀಸ್ಟ್', ಅಮೆರಿಕದಲ್ಲಿ ಸಣ್ಣ ಜಾತಿಯ ನಾಯಿಗೆ ಹೇಳುವ ಪದ. ಆಳೆತ್ತರದ ಗಂಡಸಿಗೆ ಯಾರೂ ಫೀಸ್ಟಿ ಅನ್ನಲ್ಲ. ನನಗಂತೂ ಈ ಪದ ಹಿಡಿಸುವುದಿಲ್ಲ.

1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತು ಕರೆಸಿಕೊಂಡವರು ಕಥೆಗಾರ್ತಿ ಕೊಡಗಿನ ಗೌರಮ್ಮ. ಆಗ ಅವರಿಗೆ 22ರ ಆಸುಪಾಸು. ಬಂದ ಗಾಂಧೀಜಿಗೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟರು. ಆ ಕಾಲದ ಒಬ್ಬ ಹೆಡ್‌ಮಾಸ್ಟರು ಇವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕಾಗಿದ್ದರೆ 'ಹೆಡ್‌ಸ್ಟ್ರಾಂಗ್' ಅಂತಲೇ ಬರೆಯುತ್ತಿದ್ದರೋ ಏನೋ. ನಾನಾಗಿದ್ದರೆ 'ಡಿಟರ್ಮಿನ್ಡ್' ಅಂತ ಬರೆಯುತ್ತಿದ್ದೆ.

ಒಂದು ಮಾತು ಎಚ್ಚರಿಕೆಗೆ. ಮಗಳ ಬಗ್ಗೆ ಯಾರಾದರೂ 'ಆಪೊಸಿಶನಲ್' ಅನ್ನೋ ಪದ ಬಳಸಿದರೆ ಅದು ವೈದ್ಯರ ಮಾತು. ಮಕ್ಕಳು ಕನಿಷ್ಠ ಆರು ತಿಂಗಳು ಎಡೆಬಿಡದೆ ಸಿಟ್ಟು, ವಾದ, ಎದುರಾಟದಲ್ಲೇ ಇದ್ದಾಗ, ತಜ್ಞರು ಕೂತು ನೋಡಿ ಹೇಳುವಂಥದ್ದು. ಟೀಚರೂ ಬರೆಯಬಾರದು, ನಾವೂ ಗೂಗಲ್ ನೋಡಿ ಅಂಟಿಸಬಾರದು.

ಮಾಲೀಕರಿಗೆ ಇವತ್ತೇ ಇನ್ನೊಂದು ಮೇಲ್ ಹಾಕಿ. ಹಳೆಯದಕ್ಕೆ ಉದ್ದದ ವಿವರಣೆ ಬೇಡ. 'ಐ ಯೂಸ್ಡ್ ದಿ ರಾಂಗ್ ವರ್ಡ್ ಇನ್ ಮೈ ಲಾಸ್ಟ್ ರಿಪೋರ್ಟ್' ಅಂತ ಶುರು ಮಾಡಿ. ಏಣಿಯ ಸಾಲು ಬರೆಯಿರಿ. ಮರ ತಂತಿಯಿಂದ ಎಷ್ಟು ಅಡಿ ದೂರದಲ್ಲಿದೆ ಅಂತ ಬರೆಯಿರಿ, ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಸೇರಿಸಿ. ಕೆಲಸಗಾರನ ಹೆಸರಿನ ಮುಂದೆ ಯಾವ ಗುಣವಾಚಕವನ್ನೂ ಹಾಕಬೇಡಿ.